ಒಂದು, ಮೂರು, ನಾಲ್ಕು, ಎರಡು

ಕೀಲಿ ತಿರುಗಿಸಿದ್ದೇ ತಡ, ಕಾರು ಕೆಮ್ಮಿ, ಮೈ ಕೊಡವಿಕೊಂಡು, ಢಮಾರೆಂದು ಸಿಡಿಯಿತು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ಎದ್ದು ನಿಂತರು. ಒಳಗೆ ಶವದ ಸುತ್ತ ಕೂತಿದ್ದ ಹೆಂಗಸರಲ್ಲಿ ಯಾರೋ ಚೀರಿದರು. ಕಾಂಪೌಂಡಿನ ಮೇಲೆ ಬಿಸಿಲು ಕಾಯುತ್ತಿದ್ದ ಬೆಕ್ಕು ಪಕ್ಕದ ಮನೆಗೆ ಹಾರಿ ಕಾಣೆಯಾಯಿತು.

ಡ್ರೈವರ್ ಸೀಟಿನಿಂದ ಇಳಿದವಳು ಸತ್ತವನ ಹೆಂಡತಿ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲವೆಂದು ಬಂದವರು ಆಗಲೇ ಪಿಸುಗುಟ್ಟಿಕೊಂಡಿದ್ದರು. ಅವಳು ಬಾನೆಟ್ ಎತ್ತಿ ಒಳಗೆ ಇಣುಕಿ, "ಇದನ್ನ ಯಾರು ಮುಟ್ಟಿದ್ದು?" ಎಂದಳು.

ಗೇಟಿನ ಹತ್ತಿರ ನಿಂತಿದ್ದ ಅಳಿಯ ಅಳುಕುತ್ತಲೇ ಮುಂದೆ ಬಂದ. ಬೇಕರಿಯಲ್ಲಿ ಕೆಲಸ ಮಾಡುವವನು. ಕೈ ಕಟ್ಟಿ ಕೂತು ಅವನಿಗೆ ಅಭ್ಯಾಸವಿಲ್ಲ.

"ನಾನೇ ಅತ್ತೆ. ಬೆಳಗ್ಗೆಯಿಂದ ಏನು ಮಾಡಬೇಕು ಅಂತ ತೋಚಲಿಲ್ಲ. ಮಾವನ ಕಾರು, ಇವತ್ತಾದರೂ ಹೊಳೀತಾ ಇರ್ಲಿ ಅಂತ ಒರೆಸೋಕೆ ಶುರು ಮಾಡಿದೆ. ಒಳಗೆ ಆ ದಪ್ಪ ವೈರುಗಳ ಮೇಲೆ ಜಿಡ್ಡು ಕೂತಿತ್ತು. ಕಿತ್ತು ಒರೆಸಿ ಮತ್ತೆ ಹಾಕಿದೆ. ಸರಿಯಾಗೇ ಹಾಕಿದ್ದೀನಿ ಅತ್ತೆ. ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ತುಟಿಯಂಚಿನ ನಗು ಅಲ್ಲ. ಮಡ್‌ಗಾರ್ಡಿಗೆ ಕೈ ಊರಿ, ಬೆನ್ನು ಬಗ್ಗಿಸಿ, ಉಸಿರು ಕಟ್ಟುವಂಥ ನಗು. ಗಂಡನ ಹೆಣ ಇನ್ನೂ ಮನೆಯಲ್ಲಿದೆ. ಅಂಗಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಓಡಿ ಬಂದು ತಾಯಿಯ ತೋಳು ಹಿಡಿದಳು.

"ಅಮ್ಮಾ, ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಬಿಡೆ. ಸಾಲಾಗಿ ಹಾಕಿದ್ದಾನಂತೆ ನಿನ್ನ ಗಂಡ!"

ಶವ ಸಾಗಿಸುವ ವ್ಯಾನಿನ ಡ್ರೈವರ್ ರಸ್ತೆಯಿಂದಲೇ ಕೂಗಿದ. "ಅಮ್ಮಾ, ಸ್ವಲ್ಪ ಬೇಗ ಹೊರಡೋಣ. ನನಗೆ ಇನ್ನೊಂದು ಮನೆ ಇದೆ."

ಸತ್ತವನ ಅಣ್ಣ ಊರುಗೋಲು ಊರಿಕೊಂಡು ಬಂದರು. ಇಳಿವಯಸ್ಸಾದರೂ ಮನೆಯ ಹಿರಿಯ ತಾನೇ ಎಂಬ ಗತ್ತು ಹೋಗಿರಲಿಲ್ಲ. "ನೀನು ವ್ಯಾನಲ್ಲೇ ಕೂತ್ಕೊಮ್ಮ. ಇವತ್ತೊಂದು ದಿನ ಕಾರು ಓಡಿಸದಿದ್ರೆ ಏನೂ ಮುಳುಗಿಹೋಗಲ್ಲ."

"ಇಲ್ಲ ಭಾವ. ಲಕ್ವ ಹೊಡೆದ ಮೇಲೆ ಅವರು ಈ ಗೇಟು ದಾಟಿದಾಗೆಲ್ಲ ಓಡಿಸಿದ್ದು ನಾನು. ವ್ಯಾನು ಹಿಂದೆ ಬರಲಿ. ದಾರಿ ನಾನು ತೋರಿಸ್ತೀನಿ." ಅವಳು ರವಿಕೆಯ ತೋಳು ಮೇಲಕ್ಕೆ ಸರಿಸಿ ಬಗ್ಗಿದಳು. "ಏನಪ್ಪಾ, ಆ ಚಿಂದಿ ಬಟ್ಟೆ ಕೊಡು ಇಲ್ಲಿ."

*

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸತ್ತವನ ಹೆಸರು 'ರೇಡಿಯೋ'. ಪ್ಯಾಸೆಂಜರ್ ಹತ್ತಿ ಬಾಗಿಲು ಹಾಕುವ ಮೊದಲೇ ಅವನ ಮಾತು ಶುರುವಾಗುತ್ತಿತ್ತು. ಇಳಿದು ಹೋಗುವವರ ಬೆನ್ನಿಗೂ ಎರಡು ಮಾತು ಹೇಳದೆ ಬಿಡುತ್ತಿರಲಿಲ್ಲ. ಒಬ್ಬ ವಕೀಲರು ಅವನ ಟ್ಯಾಕ್ಸಿಯಲ್ಲಿ ಹೋಗಿ, ಕೋರ್ಟಿನಲ್ಲಿ ತಾವು ಆಡಬೇಕಿದ್ದ ಮಾತನ್ನೇ ಮರೆತರಂತೆ. ಮನೆಯಲ್ಲೂ ಅಷ್ಟೇ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಿಂದ ಸೋತು ಬಂದು ಕೂತರೆ, ಅವನು ಆ ದಿನದ ಊರಿನ ಸುದ್ದಿಯನ್ನೆಲ್ಲ ತಲೆಬರಹದಿಂದ ಹಿಡಿದು ಹವಾಮಾನದವರೆಗೆ ಒದರುತ್ತಿದ್ದ. "ಒಂದು ಗಳಿಗೆ ಆಫ್ ಮಾಡಿ ಮಾರಾಯ್ರೆ" ಎಂದು ಅವಳು ಕೈ ಮುಗಿಯುತ್ತಿದ್ದಳು.

ಒಂದು ರಜೆಯ ದಿನ ಅವನು ಕಾರಿನ ಇಂಜಿನ್ ಬಿಚ್ಚಿ, ಶುದ್ಧ ಮಾಡಿ, ಮತ್ತೆ ಜೋಡಿಸುತ್ತಿದ್ದ. ಕೊನೆಗೆ ಕಿಡಿ ಹೊತ್ತಿಸುವ ಪ್ಲಗ್ಗಿನ ವೈರುಗಳಷ್ಟೇ ಬಾಕಿ. ಒಂದು ವೈರು ಕೈಯಲ್ಲಿರುವಾಗಲೇ ಕುಸಿದು ಬಿದ್ದ. ಪಾರ್ಶ್ವವಾಯು ಬಲಗೈಯನ್ನೂ ಬಲಗಾಲನ್ನೂ ಕಿತ್ತುಕೊಂಡಿತು, ಜೊತೆಗೆ ಮಾತನ್ನೂ. ರೇಡಿಯೋ ನಿಂತುಹೋಯಿತು.

ಆಸ್ಪತ್ರೆಯಲ್ಲಿ ನರ್ಸ್ ಅವನ ಎಡಗೈ ಎತ್ತಿ ಹಿಡಿದು, "ಹೆಬ್ಬೆರಳಿಂದ ಉಳಿದ ಬೆರಳುಗಳನ್ನ ಮುಟ್ಟುತ್ತಾ ಎಣಿಸಿ ನೋಡೋಣ" ಎಂದಳು. ಅವನು ತೋರುಬೆರಳು ಮುಟ್ಟಿದ. ನಡುಬೆರಳನ್ನು ಬಿಟ್ಟು ಉಂಗುರದ ಬೆರಳು ಮುಟ್ಟಿದ. ಆಮೇಲೆ ಕಿರುಬೆರಳು. ಆಮೇಲೆ ಹಿಂದಕ್ಕೆ ಬಂದು ನಡುಬೆರಳು. ನರ್ಸ್ ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆಯೂ ಹಾಗೆಯೇ. ಅವನ ಕಣ್ಣು ಮಾತ್ರ ಹೆಂಡತಿಯ ಮುಖದ ಮೇಲೆ ನೆಟ್ಟಿತ್ತು.

ಹೊರಗಿನ ಬೆಂಚಿನ ಮೇಲೆ ಅಣ್ಣ ತಲೆ ತಗ್ಗಿಸಿ ಕೂತರು. ಕೆಟ್ಟವರಲ್ಲ, ತಮ್ಮನಿಗಾಗಿ ಅಂಗಡಿ ಮುಚ್ಚಿ ಬಂದು ಆಸ್ಪತ್ರೆಯಲ್ಲೇ ಮಲಗಿದ್ದವರು. "ನಾಲ್ಕರವರೆಗೆ ಎಣಿಸೋದೂ ಉಳಿದಿಲ್ಲಮ್ಮ. ಬುದ್ಧಿ ಹೋಗಿದೆ. ನೀನು ಲಾಂಡ್ರಿಗೆ ಹೋದ್ರೆ ಇವನನ್ನ ನೋಡೋರು ಯಾರು? ಇಂಥವರನ್ನ ಇಟ್ಕೊಂಡು ನೋಡ್ಕೊಳ್ಳೋ ಮನೆ ಒಂದಿದೆ, ಕೇಳಿ ಬಂದಿದ್ದೀನಿ. ಆ ಕಾರು ಅಂಗಳದಲ್ಲಿ ಕೊಳೆಯೋದೂ ಬೇಡ. ಗುಜರಿಯವನನ್ನ ಭಾನುವಾರ ಕರ್ಕೊಂಡು ಬರ್ತೀನಿ."



*

ಒಳಗೆ ಹೆಂಗಸರು ಮತ್ತೆ ಗೋಡೆಗೊರಗಿ ಕೂತರು. ಸತ್ತವನ ಹೆಂಡತಿಯ ದೂರದ ಸಂಬಂಧದ ಅಕ್ಕ, ಎದುರುಮನೆಯಾಕೆಯ ಕಿವಿಯಲ್ಲಿ ಹೇಳುತ್ತಿದ್ದಳು. ಕಿಟಕಿ ತೆರೆದಿದ್ದರಿಂದ ಅಂಗಳಕ್ಕೂ ಕೇಳಿಸುತ್ತಿತ್ತು.

"ಪಾಪ, ಬದುಕಿದ್ದೂ ಬದುಕಿರಲಿಲ್ಲ ನೋಡಿ. ಇಷ್ಟು ವರ್ಷ ಮೂಲೆಯಲ್ಲಿ ಕೂತಿದ್ದ ಜೀವ. ಬಿಡುಗಡೆ ಆಯ್ತು."

ಕಾರಿನ ಪಕ್ಕದಲ್ಲಿ ದಪ್ಪ ಗಾಜಿನ ಕನ್ನಡಕದ ಟ್ಯಾಕ್ಸಿ ಡ್ರೈವರ್ ಒಬ್ಬ ನಿಂತಿದ್ದ. ಸ್ಟ್ಯಾಂಡಿನಲ್ಲಿ ಅವನನ್ನು 'ಕನ್ನಡಕ' ಎಂದೇ ಕರೆಯುವುದು. ಅವನಿಗೆ ತಡೆಯಲಾಗಲಿಲ್ಲ. ಕಿಟಕಿಗೆ ಮುಖ ಹಚ್ಚಿದ.

"ಯಾವ ಮೂಲೆ ಅಕ್ಕಾ? ನಮ್ಮ ಸ್ಟ್ಯಾಂಡಿಗೆ ದಿನಾ ಬರ್ತಿದ್ದ ಮನುಷ್ಯ. ಮರದ ಕೆಳಗೆ ಕುರ್ಚಿ ಹಾಕಿ ಕೂರಿಸ್ತಿದ್ವಿ. ನಮ್ಮ ಗಾಡಿ ದೂರದಲ್ಲಿ ಬರೋದನ್ನ ಕೇಳಿಯೇ ಬೆರಳು ಎತ್ತೋನು. ಎರಡು ಬೆರಳು ಎತ್ತಿದ ಅಂದ್ರೆ ಎರಡನೇ ಪ್ಲಗ್ ಸತ್ತಿದೆ ಅಂತ. ಹೋಗಿ ಬಿಚ್ಚಿ ನೋಡಿದ್ರೆ ಕರ್ರಗೆ ಮಸಿ! ನನ್ನ ಗಾಡಿ ಮುದುಕಿ ಥರ ಏದುಸಿರು ಬಿಡ್ತಿದ್ದಾಗ ಮೂರು ಗ್ಯಾರೇಜಿನವರು ಕೈ ಚೆಲ್ಲಿದ್ರು. ಇವನು ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅಂಗಿ ಕಾಲರ್ ಎಳೆದು ತೋರಿಸಿದ. ಕಾಲರ್ ಯಾಕೆ ಅಂತ ನಮಗೆ ತಲೆಬುಡ ಅರ್ಥ ಆಗ್ಲಿಲ್ಲ. ಅವನ ಹೆಂಡತೀನೇ ಹೇಳಿದ್ದು, ಇಂಜಿನಿಗೆ ಗಾಳಿ ಹೋಗೋ ಕೊಳವೆಯ ಕತ್ತಿನ ಹತ್ರ ಸೋರ್ತಿದೆಯಂತೆ ಅಂತ. ಸೋರ್ತಿತ್ತು! ಮಾತಾಡ್ತಿದ್ದಾಗ ಅವನನ್ನ ಯಾರೂ ಕೇಳ್ತಿರಲಿಲ್ಲ. ಮಾತು ನಿಂತ ಮೇಲೆ ಸ್ಟ್ಯಾಂಡಿಗೆ ಸ್ಟ್ಯಾಂಡೇ ಸುತ್ತ ಕೂತು ಕೇಳ್ತು."

ದೂರದ ಅಕ್ಕ ಸೆರಗು ಸರಿಮಾಡಿಕೊಂಡಳು. ಎದುರುಮನೆಯಾಕೆ ಮಾತ್ರ ಕುತೂಹಲ ತಡೆಯದೆ, "ಎಷ್ಟನೇ ಪ್ಲಗ್ ಅಂತ ಕಿವಿಯಲ್ಲೇ ಗೊತ್ತಾಗ್ತಿತ್ತಾ?" ಎಂದಳು.

"ಗೊತ್ತಾಗ್ತಿತ್ತಾ ಅಂದ್ರೆ! ಪಂದ್ಯ ಕಟ್ಟಿ ಸೋತವನು ನಾನು."

ಬಾನೆಟ್ಟಿನ ಕೆಳಗೆ ಅವಳು ನಾಲ್ಕು ವೈರುಗಳನ್ನೂ ಕಿತ್ತು ಭುಜದ ಮೇಲೆ ಹಾಕಿಕೊಂಡಿದ್ದಳು. ಅಳಿಯ ಅವಳ ಮಗ್ಗುಲಲ್ಲಿ ನಿಂತು ಮೆಲ್ಲಗೆ ಕೇಳಿದ. "ಅತ್ತೆ, ಪ್ಲಗ್ಗುಗಳು ಸಾಲಾಗಿ ಇವೆ. ಕಿಡಿ ಸಾಲಾಗಿ ಯಾಕೆ ಹೋಗಬಾರದು?"

"ಇದನ್ನೇ ನಾನೂ ಕೇಳಿದ್ದೆ" ಎಂದಳು ಅವಳು.

*

ಗುಜರಿಯವನು ಬರಬೇಕಿದ್ದ ಆ ಭಾನುವಾರ ಬೆಳಗ್ಗೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಗಂಡನಿಗೆ ಗಂಜಿ ಕುಡಿಸಿ, ಮಗಳನ್ನು ಪಕ್ಕದ ಮನೆಗೆ ಕಳಿಸಿ, ಅವಳು ಕಾರಿನ ಬಾನೆಟ್ ಎತ್ತಿದ್ದಳು. ಗಂಡನ ಬಾಯಲ್ಲಿ ಕೇಳಿ ಕೇಳಿ ಯಾವುದು ಪ್ಲಗ್, ಅವಕ್ಕೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಯಾವುದು ಎನ್ನುವಷ್ಟು ಗೊತ್ತಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತ ವೈರು ಚುಚ್ಚುವ ನಾಲ್ಕು ಕಿವಿ. ಇಂಜಿನಿನ ಮೇಲೆ ನಾಲ್ಕು ಪ್ಲಗ್. ಸ್ಟಾರ್ಟ್ ಆಗುವ ಕಾರನ್ನು ಯಾರೂ ಗುಜರಿ ಎನ್ನುವಂತಿಲ್ಲ. ಅಷ್ಟೇ ಅವಳ ಯೋಚನೆ. ಒಂದರಿಂದ ನಾಲ್ಕರವರೆಗೆ ಸಾಲಾಗಿ ವೈರು ಚುಚ್ಚಿ ಕೀಲಿ ತಿರುಗಿಸಿದಳು.

ಢಮಾರ್!

ಅದರ ಬೆನ್ನಿಗೇ ಮನೆಯೊಳಗೆ ಏನೋ ಬಿದ್ದ ಸದ್ದು. ಓಡಿ ಹೋಗಿ ನೋಡಿದರೆ ಅವನು ಮಂಚದಿಂದ ಜಾರಿ, ಒಂದೇ ಮೊಣಕೈಯಲ್ಲಿ ಮೈ ಎಳೆದುಕೊಂಡು ಹೊಸ್ತಿಲ ಹತ್ತಿರ ಬಂದಿದ್ದ. ಮುಖ ಕೆಂಪಾಗಿತ್ತು. "ಬಾ... ಬಾ..." ಎಂಬ ಒಂದೇ ಸದ್ದು. ಅವಳು ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನೇ ಎಳೆದುಕೊಂಡು ಅಂಗಳಕ್ಕೆ ತಂದಳು. ಅವನು ಅವಳ ಕೈ ಹಿಡಿದು ಬೆರಳು ಒತ್ತತೊಡಗಿದ. ತೋರುಬೆರಳು, ಉಂಗುರದ ಬೆರಳು, ಕಿರುಬೆರಳು, ನಡುಬೆರಳು.

"ಗೊತ್ತು ಬಿಡಿ. ನಿಮಗೆ ಎಣಿಸೋಕೆ ಬರಲ್ಲ, ನನಗೆ ಕಾರು ಜೋಡಿಸೋಕೆ ಬರಲ್ಲ" ಎಂದು ಅವಳು ಕೈ ಬಿಡಿಸಿಕೊಂಡಳು.

ಅವನು ಬಿಡಲಿಲ್ಲ. ಮತ್ತೆ ಅವಳ ಉಂಗುರದ ಬೆರಳನ್ನು ನೋವಾಗುವಷ್ಟು ಹಿಂಡಿ ಹಿಡಿದ. ಹಾಗೇ ಹಿಡಿದುಕೊಂಡು, ಆ ಬೆರಳನ್ನು ಇಂಜಿನಿನ ಕಡೆ ಎಳೆದು, ಮೂರನೇ ಪ್ಲಗ್ಗಿನ ಮೇಲೆ ಇಟ್ಟ.

ಆಗ ಅವಳಿಗೆ ಹೊಳೆಯಿತು. ಅವನು ಎಣಿಸುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಎಣಿಸಿರಲಿಲ್ಲ. ಕೈಯಲ್ಲಿ ವೈರು ಹಿಡಿದೇ ಬಿದ್ದವನು, ಕಣ್ಣು ಬಿಟ್ಟಾಗ ಉಳಿದಿದ್ದ ಕೆಲಸವನ್ನು ಅವಳಿಗೆ ಹೇಳುತ್ತಿದ್ದ. ಒಂದು, ಮೂರು, ನಾಲ್ಕು, ಎರಡು. ಅಷ್ಟೂ ದಿನ ಅದನ್ನೇ ಹೇಳುತ್ತಿದ್ದ.

"ಒಳಗೇ ಇದ್ದೀರಾ ನೀವು?" ಎಂದಳು, ಅವನ ಕಣ್ಣಿನಲ್ಲಿ ಕಣ್ಣಿಟ್ಟು. "ಎಲ್ಲಾ ಒಳಗೇ ಇದೆಯಾ?"

ಅವನ ಕಣ್ಣಿಂದ ನೀರು ಇಳಿಯಿತು. ಎಡಗೈ ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ಮುಚ್ಚಳದ ಸುತ್ತ ಯಾವ ದಿಕ್ಕಿನಲ್ಲಿ ಹೋಗಬೇಕೆಂದು ತೋರಿಸಿದ. ಅವಳು ವೈರುಗಳನ್ನು ಕಿತ್ತು ಆ ದಿಕ್ಕಿನಲ್ಲಿ ಮತ್ತೆ ಚುಚ್ಚಿದಳು. ಮೊದಲನೆಯದು ಒಂದಕ್ಕೆ, ಆಮೇಲಿನದು ಮೂರಕ್ಕೆ, ಅದರಾಚೆಯದು ನಾಲ್ಕಕ್ಕೆ, ಉಳಿದದ್ದು ಎರಡಕ್ಕೆ. ಕೀಲಿ ತಿರುಗಿಸಿದಳು. ಇಂಜಿನ್ ಒಮ್ಮೆ ತಡವರಿಸಿ, ಹಿಡಿದುಕೊಂಡು, ಸಮನಾಗಿ ಓಡತೊಡಗಿತು. ಅವನು ಬಾಯಿ ತೆರೆದು ನಕ್ಕ. ಸೊಟ್ಟ ಬಾಯಿಯ, ಸದ್ದು ಮಾಡುವ ನಗು. ಲಕ್ವ ಹೊಡೆದ ಮೇಲೆ ಮೊದಲನೆಯದು.

ಅಣ್ಣ ಗುಜರಿಯವನನ್ನು ಕರೆದುಕೊಂಡು ಗೇಟು ತೆಗೆದಾಗ ಕಾರು ಇನ್ನೂ ಓಡುತ್ತಿತ್ತು. ಗುಜರಿಯವನು ಒಂದು ಗಳಿಗೆ ಕಿವಿಗೊಟ್ಟು, "ಇದನ್ನ ಒಡೆಯೋಕೆ ಕೊಡ್ತೀರಾ? ತಲೆ ಸರಿ ಇದೆಯಾ?" ಎಂದು ಹಿಂದಿರುಗಿದ. ಅಣ್ಣ ತಮ್ಮನನ್ನೂ ಕಾರನ್ನೂ ನೋಡುತ್ತ ನಿಂತರು.

"ಭಾವ, ಇವರು ಎಲ್ಲಿಗೂ ಹೋಗಲ್ಲ" ಎಂದಳು ಅವಳು. "ಲಾಂಡ್ರಿ ನಾನು ಬಿಡ್ತೀನಿ. ಕಾರು ನಾನು ಓಡಿಸ್ತೀನಿ. ಇವರು ಕಲಿಸ್ತಾರೆ."

"ಮಾತೇ ಬರದವನು ಹೆಂಗೆ ಕಲಿಸ್ತಾನೆ?"

"ಬರ್ತಿದ್ದಾಗ ಕಲಿಸಿರಲಿಲ್ಲ. ಈಗ ಕಲಿಸ್ತಾರೆ."

ಆದರೆ ಕ್ರಮ ಗೊತ್ತಾದರೂ ಅದು ಯಾಕೆ ಹಾಗೆ ಎನ್ನುವುದು ಅವಳನ್ನು ಕೊರೆಯುತ್ತಲೇ ಇತ್ತು. ಇಂಜಿನಿನೊಳಗೆ ಏರಿಳಿಯುವ ನಾಲ್ಕು ಪಿಸ್ಟನ್‌ಗಳ ಬದಲು ಅವನು ಮೇಜಿನ ಮೇಲೆ ನಾಲ್ಕು ಲೋಟ ಸಾಲಾಗಿ ಇಡುತ್ತಿದ್ದ. ಆಚೀಚೆ ತುದಿಯ ಎರಡು ಲೋಟ ಒಟ್ಟಿಗೆ ಇಳಿದರೆ ನಡುವಿನ ಎರಡು ಒಟ್ಟಿಗೆ ಏರುತ್ತವೆ. ಅಷ್ಟು ಅವಳಿಗೆ ತಿಳಿಯಿತು. "ಎರಡೂ ಮೂರೂ ಒಟ್ಟಿಗೇ ಏರೋದಾದ್ರೆ, ಒಂದರ ಆಮೇಲೆ ಮೂರಕ್ಕೇ ಯಾಕೆ ಕಿಡಿ? ಪಕ್ಕದಲ್ಲೇ ಎರಡು ಇದೆಯಲ್ಲ?" ಎಂದು ಕೇಳಿದರೆ ಅವನು ಲೋಟಗಳನ್ನು ಏರಿಸಿ ಇಳಿಸಿ, ಸೋತು, ತಲೆ ಮೇಜಿಗೆ ಇಡುತ್ತಿದ್ದ. ಅದಕ್ಕೆ ಮಾತು ಬೇಕಿತ್ತು.

ಉತ್ತರ ಸಿಕ್ಕಿದ್ದು ಲಾಂಡ್ರಿಯಲ್ಲಿ, ಅವಳ ಕೊನೆಯ ವಾರದಲ್ಲಿ. ಉಳಿದ ಇಸ್ತ್ರಿಪೆಟ್ಟಿಗೆಗಳು ಕೆಟ್ಟು, ನಾಲ್ವರು ಹೆಂಗಸರಿಗೆ ಒಂದೇ ಉಳಿದಿತ್ತು. ಪ್ರತಿಯೊಬ್ಬಳದೂ ಅದೇ ನಾಲ್ಕು ಕೆಲಸ: ಬಟ್ಟೆಯನ್ನು ಗಂಜಿನೀರಿಗೆ ಅದ್ದು, ಹಿಂಡು, ಇಸ್ತ್ರಿ ಒತ್ತು, ಮಡಚಿ ಹೊರಗೆ ಹಾಕು. ಮೊದಲನೆಯವಳು ಇಸ್ತ್ರಿ ಮುಗಿಸಿ ಪೆಟ್ಟಿಗೆಯನ್ನು ಪಕ್ಕದವಳಿಗೆ ಚಾಚಿದಳು. ಪಕ್ಕದವಳು ರೇಗಿದಳು. "ನನ್ನ ಕೈಯಲ್ಲಿ ಮಡಚಿದ ಬಟ್ಟೆ ಇದೆ, ಕಾಣಲ್ವಾ? ನನಗ್ಯಾಕೆ ಕೊಡ್ತೀಯಾ? ಅವಳು ಹಿಂಡಿಕೊಂಡು ಕಾಯ್ತಿದ್ದಾಳೆ ನೋಡು, ಅವಳಿಗೆ ಕೊಡು!"

ಅವಳು ಎಂದರೆ ಮೂರನೆಯ ಜಾಗದಲ್ಲಿದ್ದ ಇವಳೇ. ಕೈಯಲ್ಲಿ ಹಿಂಡಿದ ಬಟ್ಟೆ ಹಿಡಿದು ನಿಂತವಳು ಹಾಗೇ ನಿಂತುಬಿಟ್ಟಳು. ಎರಡೂ ಮೂರೂ ಒಟ್ಟಿಗೇ ಏರುತ್ತವೆ ನಿಜ. ಆದರೆ ಎರಡನೆಯದು ಹೊಗೆಯನ್ನು ಹೊರಗೆ ಹಾಕುತ್ತ ಏರುತ್ತದೆ. ಮೂರನೆಯದು ಗಾಳಿ, ಪೆಟ್ರೋಲನ್ನು ಹಿಂಡಿಕೊಂಡು ಏರುತ್ತದೆ. ಕಿಡಿ ಬೇಕಾದದ್ದು ಹಿಂಡಿಕೊಂಡು ಬಂದವರಿಗೆ. ಅಷ್ಟು ಹೊತ್ತಿಗೆ ನಾಲ್ಕನೆಯವಳು ಅದ್ದಿದ್ದನ್ನು ಹಿಂಡತೊಡಗುತ್ತಾಳೆ. ಅವಳ ಸರದಿ ಆಮೇಲೆ. ಮಡಚಿ ಮುಗಿಸಿದ ಎರಡನೆಯವಳು ಹೊಸ ಬಟ್ಟೆ ಅದ್ದಿ, ಹಿಂಡಿ, ಎಲ್ಲರಿಗಿಂತ ಕೊನೆಗೆ.

ಬಟ್ಟೆಯನ್ನು ಅಲ್ಲೇ ಬಿಸಾಕಿ, ಗಂಜಿ ಸುರಿಯುವ ಕೈಯಲ್ಲೇ ರಸ್ತೆಯುದ್ದಕ್ಕೂ ಓಡಿದಳು. ಮನೆಯೊಳಗೆ ನುಗ್ಗಿ ಅವನ ಮುಂದೆ ಕೂತು, "ಅದ್ದು, ಹಿಂಡು, ಒತ್ತು, ಹೊರಗೆ ಹಾಕು! ಯಾವಾಗ ನೋಡಿದ್ರೂ ನಾಲ್ಕೂ ಕೆಲಸ ನಡೀತಿರುತ್ತೆ, ಆದರೆ ಒಬ್ಬೊಬ್ಬರದು ಒಂದೊಂದು! ಇಸ್ತ್ರಿ ಮಾತ್ರ ಕೈಯಿಂದ ಕೈಗೆ! ಹೌದಾ? ಹೌದಾ?" ಎಂದಳು.

ಅವನು ಕೇಳಿಸಿಕೊಂಡ. ಲೋಟಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಇದ್ದೊಂದು ಕೈಯಿಂದ ಮೇಜನ್ನು ಹೇಗೆ ಬಡಿದನೆಂದರೆ ನಾಲ್ಕು ಲೋಟವೂ ನೆಲಕ್ಕೆ ಉರುಳಿ ಮನೆಯೆಲ್ಲ ಸದ್ದಾಯಿತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಇಬ್ಬರೂ ಅಷ್ಟು ನಕ್ಕಿರಲಿಲ್ಲ.

*

"ಅಂದ್ರೆ ನಾನು ಮಾಡಿದ್ದು, ಮಡಚಿದ ಬಟ್ಟೆ ಹಿಡಿದೋಳಿಗೆ ಇಸ್ತ್ರಿ ಕೊಟ್ಟ ಹಾಗೆ" ಎಂದ ಅಳಿಯ.

"ಹೂಂ. ಅದಕ್ಕೇ ಅವಳು ರೇಗಿದ್ದು. ಢಮಾರ್ ಅಂತ."

ಅಂಗಳದಲ್ಲಿ ಒಬ್ಬಿಬ್ಬರು ನಕ್ಕರು. ದೂರದ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಎದುರುಮನೆಯಾಕೆ ಕಾರಿನ ಹತ್ತಿರಕ್ಕೇ ಬಂದು ಬಾನೆಟ್ಟಿನೊಳಗೆ ಇಣುಕುತ್ತಿದ್ದಳು. ಅತ್ತೆ ಭುಜದ ಮೇಲಿದ್ದ ವೈರುಗಳನ್ನು ತೆಗೆದು ಅಳಿಯನ ಕೈಗಿಟ್ಟಳು.

"ನೀನೇ ಹಾಕು. ಬೇಕರಿಯಲ್ಲೂ ಒಂದೇ ಒಲೆ ತಾನೇ? ಯಾವ ತಟ್ಟೆಯ ಹಿಟ್ಟು ಉಬ್ಬಿ ತಯಾರಾಗಿದೆಯೋ ಅದು ಮೊದಲು ಒಳಗೆ ಹೋಗುತ್ತೆ."

ಅಳಿಯ ಒಂದೊಂದನ್ನೇ ಚುಚ್ಚಿದ. ಚುಚ್ಚುವಾಗ ಅವನ ತುಟಿ ಅಲುಗುತ್ತಿತ್ತು. ಅವಳು ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ ಹಿಡಿದು, ಕೆಮ್ಮಿಲ್ಲದೆ, ಕುಲುಕಿಲ್ಲದೆ, ನುಣ್ಣಗೆ ಓಡತೊಡಗಿತು. 'ಕನ್ನಡಕ' ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದವನು, ಎಲ್ಲಿದ್ದೇನೆಂದು ನೆನಪಾಗಿ ಕೈ ಇಳಿಸಿದ. ಆದರೆ ಅಷ್ಟರಲ್ಲಿ ಗೇಟಿನಾಚೆ ಸಾಲುಗಟ್ಟಿದ್ದ ಸ್ಟ್ಯಾಂಡಿನವರೆಲ್ಲ ತಟ್ಟತೊಡಗಿದ್ದರು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಅವಳ ಭಾವ ಊರುಗೋಲನ್ನು ಕಂಕುಳಲ್ಲಿ ಅವುಚಿಕೊಂಡು ತಾವೂ ಚಪ್ಪಾಳೆಗೆ ಕೈ ಸೇರಿಸಿದರು. ತಮ್ಮನನ್ನು ಒಳಗಿನಿಂದ ಎತ್ತಿಕೊಂಡು ಬಂದದ್ದು ಆ ಸದ್ದಿನ ನಡುವೆ.

ವ್ಯಾನು ಅವಳ ಹಿಂದೆ ಹೊರಟಿತು. ವ್ಯಾನಿನ ಹಿಂದೆ ಟ್ಯಾಕ್ಸಿಗಳು. ಸ್ಟ್ಯಾಂಡಿನ ಮರ ದಾಟುವಾಗ ಅವಳು ವೇಗ ಇಳಿಸಿದಳು, ಹಿಂದಿನವರೆಲ್ಲ ಇಳಿಸಿದರು. ಇನ್ನೊಂದು ಮನೆಗೆ ಹೋಗಬೇಕಿದ್ದ ವ್ಯಾನಿನ ಡ್ರೈವರ್ ಕೂಡ ಹಾರ್ನ್ ಹೊಡೆಯಲಿಲ್ಲ.

ಸ್ಮಶಾನದಲ್ಲಿ ಎಲ್ಲ ಮುಗಿದ ಮೇಲೆ ಅವಳು ಅತ್ತಳು. ಗೋಡೆಗೆ ಮುಖ ಮಾಡಿ, ಮಗಳ ಕೈ ಹಿಡಿದುಕೊಂಡು, ಸಾಕಾಗುವಷ್ಟು ಅತ್ತಳು. ಆಮೇಲೆ ನಲ್ಲಿಯಲ್ಲಿ ಮುಖ ತೊಳೆದು ಕೀಲಿ ತೆಗೆದಳು.

ವಾಪಸು ಬರುವಾಗ ಕಾರಿನಲ್ಲಿ ಅವಳೂ ಮಗಳೂ ಮಾತ್ರ. ಮಗಳು ಹಿಂದೆ ಕೂತಿದ್ದಳು. ಆಸ್ಪತ್ರೆಯ ತಿರುವಿನಲ್ಲಿ ಒಬ್ಬ ಹೆಂಗಸು ರಸ್ತೆಗೆ ಬಂದು ಕೈ ಅಡ್ಡ ಹಿಡಿದಳು. ಅವಳ ಪಕ್ಕದಲ್ಲಿ ಖಾಕಿ ಅಂಗಿಯ ಪೋಸ್ಟ್‌ಮನ್. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು, ಮುಖದ ತುಂಬ ಬೆವರು.

"ಅಮ್ಮಾ, ಇವತ್ತು ಬೇಡ" ಎಂದಳು ಮಗಳು.

ಕಾರು ಆಗಲೇ ನಿಂತಿತ್ತು.

"ಬಂದ ಟ್ಯಾಕ್ಸಿಯವರೆಲ್ಲ ಆಗಲ್ಲ ಅಂತಾರಮ್ಮ" ಎಂದಳು ಆ ಹೆಂಗಸು. "ಕಾಲು ಮಡಚೋಕೆ ಆಗಲ್ಲ, ಎಲ್ಲಿ ಕೂರಿಸ್ತೀರಿ ಅಂತಾರೆ."

"ಮುಂದೆ ಕೂರಿಸಿ."

ಪೋಸ್ಟ್‌ಮನ್ ಅಳುಕುತ್ತ ಸೀಟಿಗೆ ಬೆನ್ನು ಕೊಟ್ಟು, ಬಿಳಿಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತಂದ. ಎಲ್ಲಿಯೂ ತಗಲಲಿಲ್ಲ. ಆ ಸೀಟಿನ ಬೋಲ್ಟು ಬಿಚ್ಚಿ, ತಳಕ್ಕೆ ಹೊಸ ತೂತು ಕೊರೆಸಿ, ಹಿಂದಕ್ಕೆ ಕೂರಿಸಿದ್ದವಳು ಅವಳೇ. ಮಡಚಲಾಗದ ಒಂದು ಬಲಗಾಲು ಎಷ್ಟೋ ವರ್ಷ ಅಲ್ಲಿ ಚಾಚಿಕೊಂಡು ಊರೆಲ್ಲ ತಿರುಗಿತ್ತು.

"ಅಬ್ಬಬ್ಬ! ಅಳತೆ ತಗೊಂಡು ಮಾಡಿಸಿದ ಹಾಗಿದೆಯಲ್ಲಮ್ಮ!"

"ಅಳತೆ ತಗೊಂಡೇ ಮಾಡಿದ್ದು. ಇನ್ನೂ ಜಾಗ ಇದೆ, ಚೆನ್ನಾಗಿ ಚಾಚಿ."

ಹಿಂದೆ ಮಗಳು ಸರಿದು ಕೂತು, ಆ ಹೆಂಗಸಿಗೆ ಜಾಗ ಮಾಡಿ, ಊರುಗೋಲನ್ನು ತನ್ನ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ತಾಯಿ ಕೈ ಚಾಚಿ ಮೀಟರ್ ತಿರುಗಿಸಿದಳು. ಮುಂದೆ ನೆಟ್ಟಗಿನ ಏರು. ಗಾಜಿನಿಂದ ಬಿದ್ದ ಬಿಸಿಲಿನಲ್ಲಿ ಪ್ಲಾಸ್ಟರಿನ ಬಿಳಿ ಪಾದ ಹಾಯಾಗಿ ಚಾಚಿಕೊಂಡಿತ್ತು. ಕಾರು ಗೇರು ಇಳಿಸದೆಯೇ ಏರನ್ನು ಹತ್ತುತ್ತಿತ್ತು.